ವೈರಣ್ಣನ ಎಂಟು ಬಣ್ಣಗಳು

ವೈರಣ್ಣ ಮಾಡಿದ ಕೇಬಲ್ ಕೆಟ್ಟಿದ್ದನ್ನು ಹದಿನಾಲ್ಕು ವರ್ಷದಲ್ಲಿ ನಾನು ನೋಡಿರಲಿಲ್ಲ. ಅಂಗಡಿಯ ರೆಡಿಮೇಡ್ ಕೇಬಲ್ ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಯಾರಾದರೂ ತಂದರೆ ಎರಡೇ ಬೆರಳಲ್ಲಿ ಎತ್ತಿ ಹಿಡಿದು, "ಇದ್ಯಾರ ಮನೆ ಬಟ್ಟೆ ಒಣಗಿಸೋ ಹಗ್ಗ?" ಎಂದು ಕೇಳುತ್ತಿದ್ದ.

ನಮ್ಮದು ಕಣ್ಣು ಕಾಣದವರಿಗಾಗಿ ಪುಸ್ತಕ ಓದಿ ರೆಕಾರ್ಡ್ ಮಾಡುವ ಲೈಬ್ರರಿ. ಅದರ ಉಸ್ತುವಾರಿ ನನ್ನದು. ಕಂಪ್ಯೂಟರ್, ಮೈಕು, ವೈರುಗಳೆಲ್ಲ ಅವನದು. ಅವನ ಹೆಂಡತಿ ನಮ್ಮಲ್ಲಿ ಓದುವವಳು. ಒಮ್ಮೆ ಅವಳ ದನಿ ಕೇಳಿದವರು ಅವಳೇ ಓದಿದ ಇನ್ನೊಂದು ಪುಸ್ತಕ ಕೊಡಿ ಎಂದು ದುಂಬಾಲು ಬೀಳುತ್ತಿದ್ದರು. ಅಧ್ಯಾಯಗಳ ನಡುವೆ ಮೈಕು ಆರಿಸುವ ಅಭ್ಯಾಸ ಅವಳಿಗಿರಲಿಲ್ಲ. ಕೆಮ್ಮುತ್ತಿದ್ದಳು, ನೀರು ಕುಡಿಯುತ್ತಿದ್ದಳು, ಗಾಜಿನಾಚೆ ಕೂತ ಗಂಡನನ್ನು ಗದರುತ್ತಿದ್ದಳು: "ರೀ, ಊಟದ ಡಬ್ಬಿ ಹಾಗೇ ಇದೆಯಲ್ಲ, ವೈರು ತಿಂದ್ಕೊಂಡು ಬದುಕ್ತೀರಾ?" ಪುಸ್ತಕ ಸಿದ್ಧ ಮಾಡುವಾಗ ಇದನ್ನೆಲ್ಲ ಕತ್ತರಿಸಿಬಿಡುತ್ತಿದ್ದೆವು. ಕತ್ತರಿಸದ ಮೂಲ ರೆಕಾರ್ಡಿಂಗ್‌ಗಳು ಹಳೆಯ ಸರ್ವರಿನ ಒಂದು ಫೋಲ್ಡರಿನಲ್ಲಿ ಬಿದ್ದಿರುತ್ತಿದ್ದವು.

ಹೋದ ವರ್ಷ ಜ್ವರವೆಂದು ಮಲಗಿದವಳು ಮತ್ತೆ ಏಳಲಿಲ್ಲ. ಅಂದಿನಿಂದ ವೈರಣ್ಣ ಮಧ್ಯಾಹ್ನ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಆ ಫೋಲ್ಡರ್ ತೆರೆಯುತ್ತಿದ್ದ. ಅವಳ ಗದರಿಕೆ ಕೇಳಿದ ಮೇಲೇ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದ. ಬೇರೆ ಕಡೆ ಒಂದು ಪ್ರತಿ ಇಟ್ಟುಕೋ ಮಾರಾಯ ಎಂದರೆ, "ಸರ್ವರಲ್ಲಿ ಎರಡು ಡಿಸ್ಕ್ ಇದೆ ಅಕ್ಕಾ. ಒಂದು ಹೋದ್ರೂ ಇನ್ನೊಂದಿರುತ್ತೆ" ಎನ್ನುತ್ತಿದ್ದ.

ಒಂದು ಹೋಯಿತು. ಇನ್ನೊಂದು ಟಿಕ್ ಟಿಕ್ ಎನ್ನತೊಡಗಿತು. ಹೊಸ ಸರ್ವರ್ ತರಿಸಿ, ಹಳೆಯದು ಪ್ರಾಣ ಬಿಡುವುದರೊಳಗೆ ಎಲ್ಲವನ್ನೂ ಅದಕ್ಕೆ ಸಾಗಿಸಬೇಕಿತ್ತು.

"ಅವಳ ಫೋಲ್ಡರ್ ಮೊದಲು ಹಾಕು" ಎಂದೆ.

"ಕೇಳೋರ ಪುಸ್ತಕ ಮೊದಲು ಅಕ್ಕಾ. ನಮ್ಮನೇದು ಕೊನೆಗೆ."

ಎರಡು ಗಂಟೆಯಲ್ಲಿ ಮುಗಿಯಬೇಕಾದ ಕೆಲಸಕ್ಕೆ ಪರದೆ ಎರಡು ದಿನ ತೋರಿಸಿತು. ಮೊದಲು ಡಿಸ್ಕನ್ನೇ ಬೈದೆವು. ಅವನು ಅದರ ವೇಗ ಅಳೆದು ನೋಡಿ, ಕಾಯಿಲೆಯಿದ್ದರೂ ಇಷ್ಟು ನಿಧಾನವಿಲ್ಲ ಎಂದ. ಎರಡು ಸರ್ವರನ್ನೂ ಜೋಡಿಸುವ ನೆಟ್‌ವರ್ಕ್ ಸ್ವಿಚ್ಚಿನ ಪೋರ್ಟ್ ಬದಲಾಯಿಸಿದ. ಆಮೇಲೆ ಸ್ವಿಚ್ಚನ್ನೇ ಬದಲಾಯಿಸಿದ. ಹೊಸ ಸರ್ವರಿನ ಸೆಟ್ಟಿಂಗ್ ಒಂದೊಂದಾಗಿ ಜಾಲಾಡಿದ. ಕೇಬಲ್ ತಂಟೆಗೆ ಮಾತ್ರ ಹೋಗಲಿಲ್ಲ. ಅದನ್ನು ಹೊಸ ಸರ್ವರಿಗೆಂದೇ ಹೋದ ವಾರ ತಾನೇ ಮಾಡಿದ್ದ, ಟೆಸ್ಟರಿನಲ್ಲಿ ತಂತಿಗೊಂದರಂತೆ ಎಂಟೂ ದೀಪ ಸಾಲಾಗಿ ಉರಿದಿದ್ದವು.

ಎರಡನೆಯ ದಿನ ಮಧ್ಯಾಹ್ನ ನನ್ನ ತಾಳ್ಮೆ ಕೆಟ್ಟಿತು. ಪ್ರಿಂಟರಿನ ಪೆಟ್ಟಿಗೆಯಲ್ಲಿದ್ದ ರೆಡಿಮೇಡ್ ನೆಟ್‌ವರ್ಕ್ ಕೇಬಲ್ ತಂದು, ಅವನದನ್ನು ಕಿತ್ತು, ಇದನ್ನು ಸಿಕ್ಕಿಸಿದೆ. ವೇಗ ಇಪ್ಪತ್ತು ಪಟ್ಟು ಏರಿತು. ನಾನು ಗೆದ್ದವಳಂತೆ ಅವನತ್ತ ತಿರುಗಿದೆ.

ಅವನು ತನ್ನ ಕೇಬಲ್ಲಿನ ತುದಿಯ ಗಾಜಿನಂಥ ಪ್ಲಗ್ಗನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದ. "ಅಕ್ಕಾ, ಆರನೇ ತಂತಿ ಯಾವ ಬಣ್ಣ?"

"ಕಂದು."

"ಎಂಟನೇದು?"

"ಹಸಿರು."

ಅವನು ಸ್ಟೂಲಿನ ಮೇಲೆ ಕೂತ. "ತಿರುವುಮುರುವಾಗಿದೆ. ಎರಡು ತುದೀಲೂ. ನಂಗೆ ಹಸಿರು, ಕಂದು ಎರಡೂ ಒಂದೇ ಥರ ಕಾಣುತ್ತೆ ಅಕ್ಕಾ, ಚಿಕ್ಕಂದಿನಿಂದ. ಅವಳು ಪಕ್ಕದಲ್ಲಿ ಕೂತು ಬಣ್ಣ ಹೇಳೋಳು, ನಾನು ಜೋಡಿಸ್ತಿದ್ದೆ. ಅವಳಿಲ್ಲದೆ ಮಾಡಿದ್ದು ಇದೇ ಮೊದಲು."

ತಂತಿಗಳನ್ನು ಎರಡೆರಡಾಗಿ ಹೊಸೆದಿರುತ್ತಾರಂತೆ. ಎರಡೂ ತುದಿಯಲ್ಲಿ ಒಂದೇ ಥರ ಜೋಡಿ ತಪ್ಪಿದರೆ ಟೆಸ್ಟರಿಗೆ ಗೊತ್ತಾಗುವುದಿಲ್ಲ, ದೀಪ ಉರಿಯುತ್ತದೆ. ಒಳಗೆ ಹೋಗುವ ಮಾತು ಮಾತ್ರ ಕಲಸಿಹೋಗುತ್ತದೆ. ಅಷ್ಟು ವರ್ಷ ಆ ಇಬ್ಬರೂ ತಲೆಗೆ ತಲೆ ತಾಗಿಸಿ ಕೂತದ್ದನ್ನು ನೋಡಿ, "ಮನೇಲಿ ಸಾಲದು ಅಂತ ಇಲ್ಲೂ ಶುರುವಾಯ್ತಾ?" ಎಂದು ರೇಗಿಸಿದವಳು ನಾನು. ನಾಚಿಕೆಯಾಯಿತು.

ನಾಲ್ಕು ಗಂಟೆಗೆ ಕೊನೆಯ ಪುಸ್ತಕವೂ ದಾಟಿತು. "ಇನ್ನು ಅವಳದು" ಎಂದು ವೈರಣ್ಣ ಗುಂಡಿ ಒತ್ತಿದ. ಪರದೆಯಲ್ಲಿ ಹಸಿರು ಪಟ್ಟಿ ಮೂಡಿತು. ಅದು ಹಸಿರೆಂದು ಅವನಿಗೆ ಕಂಡಿತೋ ಇಲ್ಲವೋ. ಹಳೆಯ ಡಿಸ್ಕ್ ಕರಕರ ಎಂದಿತು, ಸುಮ್ಮನಾಯಿತು. ಆರಿಸಿ ಹಚ್ಚಿದ, ತಣಿಸಿ ಹಚ್ಚಿದ, ಬಿಚ್ಚಿ ಬೇರೆ ಯಂತ್ರಕ್ಕೆ ಹಾಕಿದ. ಕೆಟ್ಟ ಡಿಸ್ಕಿನಿಂದ ಫೈಲು ತೆಗೆಯುವವರಿಗೂ ಕಳಿಸಿದೆವು. ಹದಿನೈದು ದಿನ ಇಟ್ಟುಕೊಂಡು ವಾಪಸ್ ಕೊಟ್ಟರು. ಒಂದು ಕೆಮ್ಮೂ ಸಿಗಲಿಲ್ಲ.

ಪುಸ್ತಕಗಳೆಲ್ಲ ಸುರಕ್ಷಿತವಾಗಿವೆ. ಅವಳ ದನಿಯೂ ಅವುಗಳಲ್ಲಿದೆ, ಕೇಳುಗರ ಹತ್ತಿರ ಮಾತಾಡುವ ದನಿ. ಗಂಡನ ಹತ್ತಿರ ಮಾತಾಡಿದ್ದು ಹೋಯಿತು. ನಾನು ಅದನ್ನು ಹೇಳಿ ಅತ್ತೆ, ಅವನು ಅಳಲಿಲ್ಲ.

ಮೊನ್ನೆ ಇನ್ನೊಂದು ಕೋಣೆಗೆ ಕೇಬಲ್ ಬೇಕಾಯಿತು. ರೆಡಿಮೇಡ್ ತಂದುಬಿಡು ಎಂದೆ. ಅವನು ಇಕ್ಕಳ, ವೈರು ತಂದು ನನ್ನ ಮೇಜಿನ ಪಕ್ಕ ಸ್ಟೂಲು ಎಳೆದುಕೊಂಡ. ಗಂಟೆ ಮೂರಾಗಿತ್ತು, ಆಚೆ ಅವನ ಡಬ್ಬಿ ಮುಚ್ಚಿದ್ದು ಮುಚ್ಚಿದ ಹಾಗೇ ಇತ್ತು. ಗದರಬೇಕೆಂದು ಬಾಯಿ ತೆರೆದವಳು ಮುಚ್ಚಿಕೊಂಡೆ.

"ಬಣ್ಣ ಹೇಳ್ತೀರಾ ಅಕ್ಕಾ?"

ಕನ್ನಡಕ ಹಾಕಿಕೊಂಡೆ. "ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು..."

"ಸ್ವಲ್ಪ ನಿಧಾನ" ಎಂದ, ತಲೆ ಎತ್ತದೆ. "ಒಂದೊಂದಕ್ಕೂ ನಾನು ಹೂಂ ಅನ್ನೋವರೆಗೂ ಅವಳು ಕಾಯ್ತಿದ್ದಳು."

ಮತ್ತೆ ಮೊದಲಿನಿಂದ ಶುರುಮಾಡಿದೆ. "ಬಿಳಿ-ಕಿತ್ತಳೆ."

ಹೂಂ ಬರಲು ಬಹಳ ಹೊತ್ತು ಹಿಡಿಯಿತು. ನಾನು ಕಾದೆ.