ಖಾಲಾನ ಬಾರೆಗಿಡಗಳು

ಖಾಲಾನ ಮುಂಗೈ ತುಂಬ ಬಾರೆಮುಳ್ಳು ಗೀರಿದ ಗೆರೆಗಳು. ಭಾಲ್ಕಿಯಲ್ಲಿ ನಮ್ಮದು, ಅವರದು ಗೋಡೆಗೆ ಗೋಡೆ ಹತ್ತಿದ ಮನೆ. ಸ್ವಂತ ಚಿಕ್ಕಮ್ಮನಲ್ಲದಿದ್ದರೂ ಓಣಿಗೆಲ್ಲ ಅವರು ಖಾಲಾನೇ. ಹಿತ್ತಿಲಿನ ಕಾಡುಬಾರೆಗೆ, ಎಂದರೆ ಕಾಡು ಎಲಚಿಗೆ, ಸಿಹಿಬಾರೆಯನ್ನು ಕಸಿ ಮಾಡುವುದು ಅವರ ಹುಚ್ಚು. ಸಿಹಿಗಿಡದ ಚಿಗುರೊಡೆಯುವ ಒಂದು ಕಣ್ಣನ್ನು ತೊಗಟೆ ಸಮೇತ ಎಬ್ಬಿಸಿ, ಕಾಡುಗಿಡದ ತೊಗಟೆ ಸೀಳಿ ಅದರೊಳಗೆ ಕೂಡಿಸಿ, ಹಳೆ ದುಪಟ್ಟಾದ ಚಿಂದಿ ಸುತ್ತುತ್ತಿದ್ದರು. ಚಿಂದಿಯ ತುದಿ ಹಿಡಿಯುವುದು ನನ್ನ ಕೆಲಸ. "ಕೈ ನಡುಗಸಬ್ಯಾಡ ಬೇಟಿ, ಗಾಳಿ ಹೊಕ್ಕರ ಸಾಯ್ತದ," ಎಂದು ಗದರುತ್ತಿದ್ದರು. ಕಸಿ ಕೂಡಲು ಮೂರು ವಾರ ಬೇಕು. ಕೆಳಗೆ ಒಡೆಯುವ ಕಾಡುಚಿಗುರನ್ನು ದಿನವೂ ಚಿವುಟಬೇಕು. ಆ ಕೆಲಸವನ್ನು ಮಾತ್ರ ಅವರು ಯಾರ ಕೈಗೂ ಬಿಟ್ಟವರಲ್ಲ.

ನಲವತ್ತೆಂಟರಲ್ಲಿ ನಿಜಾಮರ ರಾಜ್ಯಕ್ಕೆ ಸೇನೆ ನುಗ್ಗಿದ ಪೊಲೀಸ್ ಕಾರ್ಯಾಚರಣೆಯ ವಾರ ಅವರ ಗಂಡ, ತಹಸೀಲು ಕಚೇರಿಯ ಗುಮಾಸ್ತರು, ಔರಾದಿಗೆ ಹೋದವರು ತಿರುಗಿ ಬರಲಿಲ್ಲ. ಮುಸ್ಲಿಮರ ಮೇಲಿನ ಗಲಾಟೆ ತಣ್ಣಗಾಗುವವರೆಗೆ ಖಾಲಾ ನಮ್ಮ ಮನೆಯ ಜೋಳದ ಚೀಲಗಳ ಹಿಂದೆ ಅಡಗಿದ್ದರು. ತಿಂಗಳಾದ ಮೇಲೆ ಔರಾದ ಕಡೆಯ ಗಾಡಿಯವನೊಬ್ಬ ಬಂದು, ಗುಮಾಸ್ತರನ್ನು ದಾರಿಯಲ್ಲೇ ಕೊಂದರೆಂದೂ ಮಣ್ಣು ಮಾಡಿದವನು ತಾನೇ ಎಂದೂ ಅಪ್ಪನಿಗೆ ಹೇಳಿದ. ನಾನು ಅಲ್ಲೇ ಇದ್ದೆ.

"ಖಾಲಾಗ ಹೇಳಬ್ಯಾಡ. ವ್ಯಾಳ್ಯಾ ನೋಡಿ ನಾನೇ ಹೇಳ್ತೇನಿ," ಎಂದು ನನಗೆ ತಾಕೀತು ಮಾಡಿದರು ಅಪ್ಪ. ಆ ವೇಳೆ ಬರಲೇ ಇಲ್ಲ.

ಮುಂದಿನ ಮಳೆಗಾಲ ಖಾಲಾನ ಅಣ್ಣ ಬೀದರಿನಿಂದ ಮೂರು ಸಲ ಗಾಡಿ ಕಟ್ಟಿಕೊಂಡು ಕರೆಯಲು ಬಂದರು. ಮೂರು ಸಲವೂ ಹಿತ್ತಿಲಲ್ಲಿ ಹೊಸ ಕಸಿ ಕಟ್ಟಿತ್ತು. ಇದೊಂದು ಕೂಡಲಿ, ಅಷ್ಟರೊಳಗೆ ಯಜಮಾನರೂ ಬಂದಾರು ಎಂದು ಖಾಲಾ ಸಾಗಹಾಕಿದರು. ಅಣ್ಣ ಬೇಸತ್ತು ಬರುವುದನ್ನೇ ಬಿಟ್ಟರು. ಚಳಿಗಾಲದಲ್ಲಿ ಹಣ್ಣಾದಾಗ ಮೊದಲ ಬೊಗಸೆಯನ್ನು ಗಂಡನ ಹೆಸರಿನಲ್ಲಿ ಮುಚ್ಚಿಟ್ಟು, ಮರುದಿನ ನನಗೆ ಕೊಡುತ್ತಿದ್ದರು. ಸತ್ತವರ ಪಾಲೆಂದು ಗೊತ್ತಿದ್ದೂ ತಿನ್ನುತ್ತಿದ್ದೆ.

ಅಪ್ಪ ತೀರಿಹೋಗಿ ಎಷ್ಟೋ ವರ್ಷಕ್ಕೆ ಖಾಲಾ ಹಾಸಿಗೆ ಹಿಡಿದರು. ಈಗಲಾದರೂ ಹೇಳಿಬಿಡಬೇಕೆಂದು ಹೋಗಿ ಪಕ್ಕದಲ್ಲಿ ಕೂತೆ. ಗಂಡನ ಹೆಸರೆತ್ತುತ್ತಿದ್ದಂತೆ ಅವರು ನನ್ನ ಕೈ ಹಿಡಿದರು.

"ಗಾಡಿಯವ ಬಂದ ದಿನಾನೇ ನಿಮ್ಮಪ್ಪನ ಮಾರಿ ನೋಡಿ ತಿಳ್ಕೊಂಡೆ ಬೇಟಿ. ನನಗ ತಿಳದದ ಅಂತ ಗೊತ್ತಾಗಿದ್ದರ ಬೀದರಿನ ಭಾಯಿ ನನ್ನ ಇಲ್ಲಿ ಬಿಡ್ತಿದ್ದಿಲ್ಲ. ಅವರು ಓಡಾಡಿದ ಮನಿ ಬಿಟ್ಟು ನಾ ಎಲ್ಲಿ ಹೋಗಲಿ?"

ಆ ವಾರವೇ ಹೋದರು. ದುಃಖ ತಟ್ಟದಂತೆ ಅವರನ್ನು ಕಾಯುತ್ತಿದ್ದೇವೆಂದು ನಾವು ಬೀಗುತ್ತಿದ್ದೆವು. ಅಷ್ಟೂ ವರ್ಷ, ಗೋಡೆಯಾಚೆ ನಮಗೆ ಕೇಳಿಸೀತೆಂದು, ಗಂಡನಿಗಾಗಿ ಅವರು ಒಮ್ಮೆಯೂ ಬಾಯಿಬಿಟ್ಟು ಅಳಲಿಲ್ಲ.