ನಮ್ಮ ದೆವ್ವದ ಪೋಸ್ಟರ್

ಮೊದಲೇ ಹೇಳಿಬಿಡುತ್ತೇನೆ, ನಮ್ಮ ಹತ್ತಿರ ಸಿನಿಮಾ ಇರಲೇ ಇಲ್ಲ. ಇದ್ದದ್ದು ಟ್ರೇಲರ್ ಮಾತ್ರ. ಶಿವಮೊಗ್ಗದಲ್ಲಿ ಕಾಲೇಜು ಕಾಲೇಜುಗಳ ನಡುವೆ ಒಂದು ಸ್ಪರ್ಧೆ: ಇಲ್ಲದ ಹಾರರ್ ಸಿನಿಮಾಕ್ಕೆ ಟ್ರೇಲರ್ ಮಾಡಬೇಕು, ಅದನ್ನು ಊರಿಗೆಲ್ಲ ಹಬ್ಬಿಸಬೇಕು, ಹೆಚ್ಚು ಜನ ನೋಡಿದ್ದಕ್ಕೆ ಬಹುಮಾನ. ನಾವು ಮೂವರು ಗೆಳತಿಯರು. ಒಬ್ಬಳ ಹತ್ತಿರ ಒಳ್ಳೆಯ ಫೋನ್ ಇತ್ತು, ಅವಳು ಕ್ಯಾಮೆರಾ. ಇನ್ನೊಬ್ಬಳಿಗೆ ಎಡಿಟಿಂಗ್ ಬರುತ್ತಿತ್ತು. ನನಗೆ ಬಾಯೊಂದು ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ, ಹಾಗಾಗಿ ಪ್ರಚಾರ ನನ್ನ ಪಾಲಿಗೆ ಬಂತು.

ದೆವ್ವದ ಪಾತ್ರಕ್ಕೆ ನಮ್ಮ ಅತ್ತೆ. ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ಭದ್ರಾವತಿಯ ನಮ್ಮ ಮನೆಯಲ್ಲೇ ಇದ್ದಾಳೆ. ಬ್ಲೌಸ್ ಹೊಲಿಯುತ್ತಾಳೆ, ಓಣಿಯ ಹೆಂಗಸರ ಅಳತೆಯೆಲ್ಲ ಅವಳ ನಾಲಿಗೆ ತುದಿಯಲ್ಲಿರುವುದರಿಂದ ಅವಳ ಬಾಯಿಗೆ ಎಲ್ಲರೂ ಹೆದರುತ್ತಾರೆ. ಸೊಂಟದವರೆಗೆ ಇಳಿಯುವ ನರೆಗೂದಲು. ಕೇಳಿದ ಕೂಡಲೇ ಒಪ್ಪಿದಳು.

ನಮ್ಮೂರ ಕಾರ್ಖಾನೆಯ ಖಾಲಿ ಬಿದ್ದ ಕ್ವಾರ್ಟರ್ಸ್‌ನಲ್ಲಿ ಶೂಟಿಂಗ್. ಕತ್ತಲಾದ ಮೇಲೆ ಅಲ್ಲಿ ಹಾವಿನ ಕಾಟ, ಅದಕ್ಕೆ ಮಟಮಟ ಮಧ್ಯಾಹ್ನವೇ ತೆಗೆದು ಎಡಿಟಿಂಗ್‌ನಲ್ಲಿ ರಾತ್ರಿ ಮಾಡಿಕೊಂಡೆವು. ಅಪ್ಪನ ಬಿಳಿ ಪಂಚೆಯನ್ನೇ ಅತ್ತೆಗೆ ಸೀರೆಯಂತೆ ಸುತ್ತಿ, ಮುಖಕ್ಕೆ ಪೌಡರ್ ಬಳಿದೆವು. ಹಣೆಯ ವಿಭೂತಿ ಅಳಿಸಲು ಹೋದರೆ ಕೈಗೆ ಪಟ್ಟನೆ ಹೊಡೆದಳು.

"ಅತ್ತೆ, ದೆವ್ವಕ್ಕೆ ವಿಭೂತಿ ಇರಲ್ಲ."

"ಈ ದೆವ್ವಕ್ಕೆ ಇರುತ್ತೆ. ಬೇಕಾದ್ರೆ ತಗೊಳ್ಳಿ, ಇಲ್ಲಾಂದ್ರೆ ಬೇರೆ ದೆವ್ವ ನೋಡ್ಕೊಳ್ಳಿ."

ಹೀಗೆ ಕರ್ನಾಟಕದಲ್ಲೇ ಮೊದಲ ಬಾರಿಗೆ ವಿಭೂತಿ ಧರಿಸಿದ ದೆವ್ವ ತಯಾರಾಯಿತು.

ಪೌಡರ್ ಹಚ್ಚಿಸಿಕೊಳ್ಳುತ್ತ ಕೂತಾಗಲೇ ಅವಳು ದೊಡ್ಡಪ್ಪನ ಮಾತು ತೆಗೆದದ್ದು. ದೊಡ್ಡಪ್ಪ ಎಂದರೆ ಅಪ್ಪನಿಗೂ ಅತ್ತೆಗೂ ಅಣ್ಣ, ಹೊಳೆಹೊನ್ನೂರಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದಾರೆ. ಕೆಲವು ವರ್ಷಗಳ ಹಿಂದೆ ಅವರ ಮಗನ ಮದುವೆ ಆಯಿತು. ನಮ್ಮಲ್ಲಿ ಮನೆಮಗಳನ್ನು ಮದುವೆಗೆ ಕರೆಯಬೇಕಾದರೆ ಗಂಡ ಹೆಂಡತಿ ಖುದ್ದು ಬಂದು, ಎಲೆಅಡಿಕೆ ಇಟ್ಟು, ಪತ್ರಿಕೆಯನ್ನು ಕೈಗೆ ಕೊಡಬೇಕು. ದೊಡ್ಡಪ್ಪ ಪತ್ರಿಕೆಯನ್ನು ಅಪ್ಪನ ವಾಟ್ಸಾಪ್‌ಗೆ ಹಾಕಿ "ತಂಗಿಗೂ ಹೇಳು" ಅಂದುಬಿಟ್ಟರು. "ನಾನೇನು ಬೀದಿಯವಳಾ?" ಎಂದು ಅತ್ತೆ ಹೋಗಲಿಲ್ಲ. ಅಕ್ಷತೆ ಹಾಕಬೇಕಾದ ಸೋದರತ್ತೆಯೇ ಇಲ್ಲವೆಂದು ಬೀಗರ ಮುಂದೆ ದೊಡ್ಡಪ್ಪನಿಗೆ ಅವಮಾನ. ಅಲ್ಲಿಗೆ ಇಬ್ಬರ ಮಾತೂ ನಿಂತಿತು.

"ಬರದೇ ಎಲ್ಲಿಗೆ ಹೋಗ್ತಾನೆ," ಅಂದಳು ಅತ್ತೆ, ಕಣ್ಣು ಮುಚ್ಚಿಕೊಂಡೇ. "ಶುಭಕ್ಕೆ ಕರೆದ್ರೆ ಹೋಗ್ಬೇಕು, ಸಾವಿಗೆ ಕೇಳಿದ್ರೆ ಹೋಗ್ಬೇಕು. ನಾನು ಸತ್ತ ದಿನ ಓಡ್ಕೊಂಡು ಬರ್ತಾನೆ ನೋಡು."

ನಾವು ಮೂವರೂ ನಕ್ಕೆವು. ಹಾಳಾದ ನನ್ನ ತಲೆಗೆ ಪೋಸ್ಟರ್ ಹೊಳೆದದ್ದು ಆ ಮಾತಿನಿಂದಲೇ.

ಯಾರಾದರೂ ಹೋದರೆ ನಮ್ಮ ಕಡೆ ವಾಟ್ಸಾಪ್ ತುಂಬ ಹರಿದಾಡುವ ಚಿತ್ರ ಇದೆಯಲ್ಲ, ಮೇಲೆ ದೀಪ, ನಡುವೆ ಫೋಟೋ, ಕೆಳಗೆ 'ಭಾವಪೂರ್ಣ ಶ್ರದ್ಧಾಂಜಲಿ', ಅಂಥದ್ದೇ ಒಂದು ಮಾಡಿದೆ. 'ಒಂದು ಫೋಟೋ ಬೇಕು' ಎಂದಷ್ಟೇ ಅತ್ತೆಗೆ ಹೇಳಿದ್ದೆ, ಯಾತಕ್ಕೆಂದು ಹೇಳಿರಲಿಲ್ಲ. ಹಸಿರು ರೇಷ್ಮೆ ಸೀರೆಯದನ್ನು ಅವಳೇ ಆರಿಸಿಕೊಟ್ಟಳು. 'ಲಿಂಗೈಕ್ಯರಾದರು' ಎಂದು ಬರೆದೆ. ತೀರಾ ಕೆಳಗೆ, ಸಣ್ಣ ಅಕ್ಷರದಲ್ಲಿ, 'ಆದರೆ ಹೋಗಿಲ್ಲ... ಟ್ರೇಲರ್ ಇಂದು ಸಂಜೆ' ಎಂದು ಸೇರಿಸಿದೆ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡು ಬೆಳಗ್ಗೆ ಎದ್ದವಳೇ ಎಲ್ಲ ಗುಂಪುಗಳಿಗೂ ಹಾಕಿದೆ, ನೆಂಟರ ಗುಂಪಿಗೂ. ಮದುವೆಯ ಜಗಳದ ಮೇಲೆ ದೊಡ್ಡಪ್ಪ ಮಾತ್ರ ಆ ಗುಂಪು ಬಿಟ್ಟಿದ್ದರು.

ಶ್ರದ್ಧಾಂಜಲಿಯನ್ನು ಯಾರೂ ಕೊನೆಯವರೆಗೆ ಓದುವುದಿಲ್ಲ. ಫೋಟೋ ನೋಡುತ್ತಾರೆ, 'ಓಂ ಶಾಂತಿ' ಎಂದು ಹಾಕುತ್ತಾರೆ, ಮುಂದಕ್ಕೆ ಕಳಿಸುತ್ತಾರೆ. ಹತ್ತಿರದವರಾದರೆ ಚಪ್ಪಲಿ ಮೆಟ್ಟಿ ಹೊರಡುತ್ತಾರೆ. ಸತ್ತದ್ದು ನಿಜವೇ ಎಂದು ಫೋನ್ ಮಾಡಿ ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಅಷ್ಟು ನನಗೆ ಗೊತ್ತಿರಬೇಕಿತ್ತು.

ಶಿವಮೊಗ್ಗದ ನವುಲೆಯಲ್ಲಿ, ಎಡಿಟಿಂಗ್ ಗೆಳತಿಯ ಮನೆಯಲ್ಲಿ ಕೆಲಸ ಮಾಡುತ್ತ ಕೂತಿದ್ದಾಗ ಅಮ್ಮನ ಫೋನ್ ಬಂತು. "ಏನೇ ಮಾಡಿದೀಯ? ಮನೆ ಮುಂದೆ ಜನ ಬಂದು ನಿಂತಿದಾರೆ, ನಿಮ್ಮತ್ತೆ ಒಳಗೆ ರೊಟ್ಟಿ ತಟ್ತಾ ಇದಾಳೆ!" ಎದ್ದು ಬಿದ್ದು ಭದ್ರಾವತಿ ಬಸ್ ಹತ್ತಿದೆ. ಮಲವಗೊಪ್ಪ ದಾಟುವಾಗ ಕ್ಯಾಮೆರಾ ಗೆಳತಿಯ ಮೆಸೇಜ್: 'ಸೂಪರ್ ಮಾರಾಯ್ತಿ, ಊರೆಲ್ಲ ನಮ್ ಪೋಸ್ಟರ್ರೇ!' ಫೋನನ್ನು ಬ್ಯಾಗಿನೊಳಗೆ ತುರುಕಿದೆ.

ಮನೆ ತಲುಪುವಷ್ಟರಲ್ಲಿ ಅಳು ಮುಗಿದು ನಗು ಶುರುವಾಗಿತ್ತು. ಸಾವಿನ ಮನೆಯೆಂದು ಬಂದವರಿಗೆ ಕಾಫಿ ಕೊಡಬಹುದೋ ಬಾರದೋ ತಿಳಿಯದೆ ಅಮ್ಮ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಮನೆಗೆ ಹೋಗಿ ಸ್ನಾನ ಮಾಡಬೇಕೋ ಬೇಡವೋ ಎಂದು ಒಬ್ಬ ಅಜ್ಜಿಗೆ ಚಿಂತೆ. ಅತ್ತೆ ಮದುಮಗಳ ಹಾಗೆ ನಡುವೆ ಕೂತಿದ್ದಳು. ನನ್ನನ್ನು ಕಂಡು ಬೈದಳು, ಚೆನ್ನಾಗಿಯೇ ಬೈದಳು, ಆದರೆ ಕಣ್ಣು ಗೇಟಿನ ಕಡೆಗಿತ್ತು. ಬೈಕ್ ಸದ್ದಾದರೆ ಮಾತು ನಿಲ್ಲಿಸುತ್ತಿದ್ದಳು. ಯಾರಿಗೆ ಕಾಯುತ್ತಿದ್ದಾಳೆಂದು ನನಗೆ ಆಗ ತಿಳಿಯಿತು.

ಹೊಳೆಹೊನ್ನೂರಿನಿಂದ ಹಾರ ತಂದಿದ್ದ ನೆಂಟರೊಬ್ಬರು, ವರಸೆಯಲ್ಲಿ ಮಾವ, ನನ್ನನ್ನು ಹಿತ್ತಿಲಿಗೆ ಕರೆದರು.

"ನಿಮ್ಮ ದೊಡ್ಡಪ್ಪಂಗೂ ನಾನೇ ಹೇಳ್ದೆ ಕಣಮ್ಮ. ತಂಗಿ ಹೋದ್ಳಂತೆ, ನಡೀರಿ ಅಂದೆ. ಅಂಗಡಿ ಬಾಗಿಲು ತೆಗೀತಿದ್ರು. 'ನೀವು ಹೋಗ್ಬನ್ನಿ' ಅಂದ್ರು. ಆಮೇಲೆ ಬಾಗಿಲು ತೆಗೆದ್ರು." ಬಾಯಿ ಒರೆಸಿಕೊಂಡು, "ಅವಳಿಗೆ ಹೇಳ್ಬೇಡ" ಎಂದು ಸೇರಿಸಿದರು.

ನಿಜವಾಗಿ ಸತ್ತವರಿಗೆ ಯಾರು ಬಂದರು, ಯಾರು ಬರಲಿಲ್ಲ ಎಂಬುದು ಗೊತ್ತಾಗುವುದಿಲ್ಲ. ಆ ಒಂದು ಪುಣ್ಯವನ್ನು ದೇವರು ಎಲ್ಲರಿಗೂ ಇಟ್ಟಿದ್ದಾನೆ. ಅತ್ತೆಯಿಂದ ನಾನು ಅದನ್ನೂ ಕಿತ್ತುಕೊಂಡಿದ್ದೆ, ಒಂದು ಟ್ರೇಲರ್‌ಗಾಗಿ. ಹಿತ್ತಿಲ ಕಲ್ಲಿನ ಮೇಲೆ ಕೂತು ಕಣ್ಣೀರು ಹಾಕಿದೆ.

ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಎದ್ದರು. ಸಾವಿನ ಮನೆಯಿಂದ ಹೊರಡುವಾಗ 'ಬರ್ತೀನಿ' ಅನ್ನಬಾರದು. ಅದಕ್ಕೇ ಒಬ್ಬೊಬ್ಬರೂ ಬೇಕೆಂದೇ ಗಟ್ಟಿಯಾಗಿ "ಬರ್ತೀವಿ, ಬರ್ತೀವಿ" ಎನ್ನುತ್ತ ಹೋದರು. ಹೂವು ದಂಡವಾಗಬಾರದೆಂದು ಅತ್ತೆ ಆ ಹಾರವನ್ನು ದೇವರ ಪಟಕ್ಕೆ ಹಾಕಿದಳು. ಸಂಜೆ ಬಾಗಿಲ ಮೆಟ್ಟಿಲ ಮೇಲೆ ನನ್ನ ಪಕ್ಕದಲ್ಲಿ ಬಂದು ಕೂತಳು.

"ಅಣ್ಣಂಗೆ ಗೊತ್ತಾಗಿಲ್ಲ, ಅಲ್ವೇನೇ?"

"ಇಲ್ಲ ಅತ್ತೆ. ಗೊತ್ತಾಗಿಲ್ಲ ಅನ್ಸುತ್ತೆ."

"ನಾನೂ ಅದೇ ಅನ್ಕೊಂಡೆ." ಸೀರೆಯಂಚಿನ ನೂಲೊಂದನ್ನು ಕಿತ್ತಳು. "ಹಂಗಾದ್ರೆ ಅವ್ನ ಫೋನಿಗೇ ಆ ಪೋಸ್ಟರ್ ಕಳ್ಸು. ನಿಜ ಅನ್ನಬೇಡ, ಸುಳ್ಳು ಅಂತಾನೂ ಅನ್ನಬೇಡ. ಗೊತ್ತಾದ್ಮೇಲೆ ಬೈಯೋಕಾದ್ರೂ ಬರ್ತಾನೆ."

ಫೋನ್ ತೆಗೆದೆ. ದೊಡ್ಡಪ್ಪನ ನಂಬರು ತೆಗೆದೆ. ಸತ್ತಳೆಂದು ಕೇಳಿಯೂ ಬಾರದವರನ್ನು ಅದೇ ಪೋಸ್ಟರ್ ಕಳಿಸಿ ಹೇಗೆ ಕರೆಯಲಿ? ಅತ್ತೆ ನನ್ನ ಬೆರಳನ್ನೇ ನೋಡುತ್ತಿದ್ದಳು. ಅವಳಿಗೆ ಓದಲು ಕನ್ನಡಕ ಬೇಕು, ಕನ್ನಡಕ ಒಳಗಿತ್ತು. ಏನೂ ಕಳಿಸದೆ ಸುಮ್ಮನೆ ಎಲ್ಲೋ ಒತ್ತಿದೆ.

"ಕಳಿಸ್ದೆ ಅತ್ತೆ."

ಮಾರನೆಯ ದಿನ ಅತ್ತೆ ಹೊಲಿಗೆ ಯಂತ್ರದ ಮುಂದೆ ಕೂರಲಿಲ್ಲ. ತಲೆ ಬಾಚಿ, ಒಗೆದ ಸೀರೆ ಉಟ್ಟು, ಅಮ್ಮನಿಗೆ ಅಕ್ಕಿ ರೊಟ್ಟಿಗೆ ಹಿಟ್ಟು ಜಾಸ್ತಿ ಕಲಸಲು ಹೇಳಿದಳು. ಆಮೇಲೆ ನನ್ನನ್ನು ಕೂಗಿದಳು.

"ಗೇಟಿನ ಚಿಲಕ ಬಿಗಿ ಇದೆ ಕಣೇ. ಅವ್ನಿಗೆ ತೆಗೆಯೋಕಾಗಲ್ಲ. ತೆಗೆದಿಟ್ಟು ಬಾ."

ನಾನು ಹೋಗಿ ತೆಗೆದಿಟ್ಟು ಬಂದೆ.