ಅವರವರ ಪುಢಾರಿ

ಸುನಂದಾಬಾಯಿಯವರಿಗೆ ಸಿಟ್ಟು ಬಂದರೆ ಕನ್ನಡ ಹೋಗಿ ಮರಾಠಿ ಬರುತ್ತಿತ್ತು. ಸಿಟ್ಟು ನೆತ್ತಿಗೇರಿದರೆ ಮರಾಠಿಯೂ ಹೋಗಿ ಮತ್ತೆ ಕನ್ನಡವೇ ಬರುತ್ತಿತ್ತು. ಮಿರಜದ ಅರಿವೆ ವ್ಯಾಪಾರಿಗಳ ಮನೆಯ ಮಗಳು. ಇಪ್ಪತ್ತೊಂದಕ್ಕೇ ಗಂಡನನ್ನು ಕಳೆದುಕೊಂಡರು. ಮೂಲೆ ಹಿಡಿದು ಕೂಡೆಂದವರಿಗೆ ಬೆನ್ನು ತಿರುಗಿಸಿ, ಟ್ರೇನಿಂಗ್ ಮುಗಿಸಿ ಕನ್ನಡ ಶಾಲೆಯ ಬಾಯಿ, ಅಂದರೆ ಮಾಸ್ತರಿಣಿ, ಆದರು. ದಿನಾ ಬೆಳಿಗ್ಗೆ ಆರಗದ ಕಡೆ ಹೋಗುವ ಬಸ್ಸು ಹತ್ತಿ, ಆರಗವನ್ನೂ ದಾಟಿ ಒಂದು ಊರಲ್ಲಿ ಇಳಿಯುತ್ತಿದ್ದರು. ಆ ಊರಿನ ಹೆಸರು ನಾನು ಹೇಳುವುದಿಲ್ಲ. ಹೇಳಿದರೆ ಅದೊಂದರ ಮಾನ ಹೋಗಿ ಸುತ್ತಲಿನ ಊರುಗಳೆಲ್ಲ ಮಾನವಂತವಾಗಿಬಿಡುತ್ತವೆ, ಅದು ನ್ಯಾಯವಲ್ಲ.

ಎಪ್ಪತ್ಮೂರನೆಯ ಇಸವಿ. ಆಗಸ್ಟ್ ಹದಿನೈದಕ್ಕೆ ಸಣ್ಣ ಮಕ್ಕಳಿಂದ ‘ರಾಷ್ಟ್ರೀಯ ಪುಢಾರಿ’ಗಳ ಪರಿಚಯ ಮಾಡಿಸಬೇಕೆಂದು ಮರಾಠಿಯಲ್ಲಿ ಸುತ್ತೋಲೆ ಬಂತು. ಅಲ್ಲಿಯವರೆಗೆ ಪರಿಚಯವೆಂದರೆ ಗೋಡೆಯ ಫೋಟೋಕ್ಕೆ ಹಾರ, ಹುಟ್ಟಿದ ತಾರೀಖಿನ ಬಾಯಿಪಾಠ, ತಪ್ಪಿದರೆ ಛಡಿ. ಸುನಂದಾಬಾಯಿಯವರಿಗೆ ಅದು ಸೇರುತ್ತಿರಲಿಲ್ಲ. ಎರಡನೆಯ ಇಯತ್ತೆಯಲ್ಲಿ ಹನ್ನೊಂದು ಮಕ್ಕಳು. ಹನ್ನೊಂದು ಹೆಸರು ಚೀಟಿಯಲ್ಲಿ ಬರೆದು ಡಬ್ಬಿಯಲ್ಲಿ ಹಾಕಿ ಕುಲುಕಿದರು. ಯಾರ ಕೈಗೆ ಯಾರು ಬಂದರೋ ಅವರ ವೇಷ ತೊಟ್ಟು ಮೂರು ಮಾತು ಆಡಬೇಕು: ನಾನು ಯಾರು, ನಾನು ಕಂಡದ್ದೇನು, ಅಂಥದ್ದನ್ನು ಈಗಲೂ ಎಲ್ಲಿ ನೋಡಿದೆ. ಮೊದಲಿನ ಎರಡನ್ನು ಬಾಯಿ ಕಲಿಸಿಕೊಡುತ್ತಾರೆ. ಮೂರನೆಯದನ್ನು ಮಕ್ಕಳೇ ಹುಡುಕಿಕೊಂಡು ಬರಬೇಕು.

ತಂಗೆವ್ವನ ಚೀಟಿಯಲ್ಲಿ ನೆಹರೂ ಬಂದರು. ಅವಳಪ್ಪ ಸತ್ಯಪ್ಪ, ಅಥಣಿ ಕಡೆಯಿಂದ ಬಂದ, ಬೌದ್ಧರಾದ ದಲಿತರವ, ಕುಪವಾಡ ಎಂಐಡಿಸಿಯ ಕಾರಖಾನೆಯಲ್ಲಿ ಕಬ್ಬಿಣದ ಭಟ್ಟಿಯ ಮುಂದೆ ದಗದ. ಮಗಳಿಗಾಗಿ ಅವ ಯಾರದೋ ಹಿತ್ತಲಿನಲ್ಲಿ ಗುಲಾಬಿ ಗೊತ್ತುಮಾಡಿಟ್ಟ. ಗುರುಪಾದನ ಚೀಟಿಯಲ್ಲಿ ಅಂಬೇಡಕರರು ಬಂದರು. ಅವನಪ್ಪ ಗುರುಸಿದ್ಧಪ್ಪ, ಕಾಳಿನ ವ್ಯಾಪಾರಿ, ಮೇಲೆ ಹಾಲಿನ ಸೊಸೈಟಿಯ ಚೇರಮನ್. ಸ್ವಾತಂತ್ರ್ಯ ದಿನದ ಪೇಢೆ ಸೊಸೈಟಿಯದು. ಹಾಗಾಗಿ ಸ್ವಾತಂತ್ರ್ಯವೂ ತಮ್ಮದೇ ಎಂದು ಅವರು ತಿಳಿದಿದ್ದರು.

ಕಾರ್ಯಕ್ರಮಕ್ಕೆ ಎರಡು ದಿನ ಇದ್ದಾಗ ಹೆಡ್‌ಮಾಸ್ತರ ಧೋಂಡಪ್ಪ ಕರೆಸಿದರು.

“ಬಾಯಿ, ಆ ಎರಡು ಚೀಟಿ ಅದಲಿ ಬದಲಿ ಮಾಡ್ರಿ.”

“ಯಾಕರಿ ಸರ?”

“ಚೇರಮನ್‌ರು ಹೇಳಿ ಕಳಸ್ಯಾರ. ಅವರವರ ಪುಢಾರಿ ಅವರವರಿಗೆ ಇರಲಿ. ನೋಡಾಕೂ ಚೆಂದ.”

ಪುಢಾರಿ ಎಂದರೆ ಮರಾಠಿಯಲ್ಲಿ ಮುಂದಾಳು, ಮರ್ಯಾದೆಯ ಮಾತು. ಕನ್ನಡದಲ್ಲಿ ಅದೇ ಮಾತಿಗೆ ಅರ್ಥ ಬೇರೆ: ಇಸ್ತ್ರಿ ಟೋಪಿ ಹಾಕಿಕೊಂಡು ಬಸ್‌ಸ್ಟ್ಯಾಂಡಿನಲ್ಲಿ ಮೆರೆಯುವವ. ಧೋಂಡಪ್ಪ ಯಾವ ಭಾಷೆಯಲ್ಲಿ ಹೇಳಿದರೋ, ಸುನಂದಾಬಾಯಿಯವರಿಗೆ ಎರಡೂ ಒಟ್ಟಿಗೇ ಕೇಳಿಸಿ ಮೈ ಉರಿಯಿತು.

“ಇಡೀ ದೇಶಕ್ಕ ಸಂವಿಧಾನ ಬರದುಕೊಟ್ಟವರು ಒಂದು ಓಣಿಗೆ ಪುಢಾರಿ ಹೆಂಗ ಆದ್ರು? ನೆಹರೂನ್ನ ಯಾವ ಓಣಿಗೆ ಬರಕೊಟ್ಟೀರಿ?”

“ಹಠ ಮಾಡಿದ್ರ ಕಾರ್ಯಕ್ರಮನ ಬ್ಯಾಡ ಅಂತಾರ, ನೋಡ್ರಿ ಮತ್ತ.”

ಹನ್ನೊಂದು ಮಕ್ಕಳು ಹದಿನೈದು ದಿನದಿಂದ ನಿದ್ದೆಯಲ್ಲೂ ಭಾಷಣ ಮಾಡುತ್ತಿದ್ದರು. ಬಾಯಿ ಹಲ್ಲು ಕಚ್ಚಿ ಒಪ್ಪಿದರು. ಧೋಂಡಪ್ಪನವರೇ ಎದುರು ನಿಂತು ನೆಹರೂ ಟೋಪಿಯನ್ನು ಗುರುಪಾದನಿಗೆ, ಕನ್ನಡಕ ಕೋಟನ್ನು ತಂಗೆವ್ವನಿಗೆ ಹಂಚಿಸಿದರು. ಮಾತು ಬದಲಿಸಿರೆಂದು ಮಾತ್ರ ಹೇಳಲಿಲ್ಲ. ಹೇಳದ್ದನ್ನು ಮಾಡುವಷ್ಟು ಒಳ್ಳೆಯವರಲ್ಲ ಸುನಂದಾಬಾಯಿ. ಮಕ್ಕಳಿಬ್ಬರನ್ನೂ ಕರೆದು, “ಅಂಗಿ ಯಾರದರ ಇರಲಿ, ಚೀಟಿ ನಿಮ್ಮದ” ಎಂದರು.

ಹದಿನೈದರ ಬೆಳಿಗ್ಗೆ ಗುರುಪಾದ ಬಿಳಿ ಟೋಪಿ ಹಾಕಿ, ಎದೆಗೆ ಸತ್ಯಪ್ಪ ತಂದ ಗುಲಾಬಿ ಸಿಕ್ಕಿಸಿಕೊಂಡು ಕಟ್ಟೆ ಹತ್ತಿದ. ಮುಂದಿನ ಕುರ್ಚಿಯಲ್ಲಿ ಅವನಪ್ಪ ಮೀಸೆಯಲ್ಲೇ ನಗುತ್ತಿದ್ದರು.

“ನಾನು ಭೀಮರಾವ ಅಂಬೇಡಕರ.”

ಜನ ಘೊಳ್ಳೆಂದು ನಕ್ಕಿತು. ಹುಡುಗ ನಿಲ್ಲಲಿಲ್ಲ.

“ಸಣ್ಣಾವ ಇದ್ದಾಗ ನನ್ನ ಸಾಲ್ಯಾಗ ದೂರ ಕುಂಡ್ರಸ್ತಿದ್ರು. ನೀರಿನ ಭಾಂಡಿ ಮುಟ್ಟಾಕ ಬಿಡತಿದ್ದಿಲ್ಲ. ಮ್ಯಾಲಿಂದ ಸುರೀತಿದ್ರು.” ನಗು ಇನ್ನೂ ನಡೆದೇ ಇತ್ತು. ಅವನು ಬಾಯಿಯ ಕಡೆ ನೋಡಿ, ಮೂರನೆಯ ಮಾತು ನೆನಪಿಸಿಕೊಂಡ. “ಇಂಥಾದ್ದು ನಾ ನಮ್ಮ ಸಾಲ್ಯಾಗ ನೋಡೇನಿ. ಹೌಸಾಬಾಯಿ ಮಾವಶಿ ನಮಗೆಲ್ಲಾ ಲೋಟಾ ಕೊಡತಾಳ, ತಂಗೆವ್ವಗ ಮ್ಯಾಲಿಂದ ಹಾಕತಾಳ.”

ನಗು ನಿಂತಿತು. ಹೌಸಾಬಾಯಿ, ಶಾಲೆಯಲ್ಲಿ ನೀರು ತುಂಬುವಾಕೆ, ಸೆರಗು ಬಾಯಿಗೊತ್ತಿಕೊಂಡಳು. ಗುರುಸಿದ್ಧಪ್ಪ ಗಡಿಯಾರ ನೋಡಿಕೊಂಡರು. ಧೋಂಡಪ್ಪ ಎದ್ದು ಜಯಕಾರ ಹಾಕಿಸಿ, ತಂಗೆವ್ವನ ಸರದಿ ಬರುವ ಮೊದಲೇ ಪೇಢೆ ಹಂಚಿಸತೊಡಗಿದರು.

ಯಾರಿಗೆ ಬೈಯಬೇಕೆಂದು ಸುನಂದಾಬಾಯಿ ಸುತ್ತ ನೋಡಿದರು. ಅವರ ಸಿಟ್ಟಿಗೆ ಮೊದಲ ಸಲ ದಾರಿ ಸಿಗಲಿಲ್ಲ. ಆರು ವರ್ಷ ಅವರು ಶಾಲೆಯ ಆ ನೀರಿನ ಹರವಿಯ ಪಕ್ಕದಲ್ಲೇ ಕೂತು ಚಹಾ ಕುಡಿದಿದ್ದರು. ಹೌಸಾಬಾಯಿ ಕೈ ಎತ್ತಿ ಸುರಿಯುವುದನ್ನು ಕಂಡಿದ್ದರು, ಲೋಟ ಎಂಜಲಾಗಬಾರದೆಂದು ಇದ್ದೀತು ಎಂದುಕೊಂಡಿದ್ದರು. ಉಳಿದವರ ಎಂಜಲು ಯಾಕೆ ಲೆಕ್ಕಕ್ಕಿಲ್ಲ ಎಂದು ಕೇಳಿರಲಿಲ್ಲ. ಕೋಟು ಟೋಪಿಗಾಗಿ ಜಗಳಾಡಿದ ತಮಗೆ ಏಳು ವರ್ಷದ ಹುಡುಗನಿಗೆ ಕಂಡದ್ದು ಕಂಡಿರಲಿಲ್ಲ. ಛೀ ಅನಿಸಿತು, ತಮ್ಮ ಮೇಲೇ.

ನೆಟ್ಟಗೆ ಹೋಗಿ ಹರವಿಯ ಮುಚ್ಚಳ ತೆಗೆದರು, ಲೋಟ ಅದ್ದಿದರು.

“ಬಾಯಿ, ಆ ಲೋಟಾ...” ಎಂದಳು ಹೌಸಾಬಾಯಿ.

“ಸುಮ್ಮನಿರು.”

ತುಂಬಿದ ಲೋಟ ಹಿಡಿದು ಊರಿನವರೆಲ್ಲರ ಎದುರು ತಂಗೆವ್ವನ ಬಳಿ ಬಂದರು. ಅವಳು ಇನ್ನೂ ಬೆಂಚಿನ ಮೇಲೆ, ಗಾಜಿಲ್ಲದ ಕನ್ನಡಕ ಹಾಕಿಕೊಂಡು, ತನ್ನ ಸರದಿ ಬಂದೀತೆಂದು ಕೂತಿದ್ದಳು.

“ತಗೋ ಮಗಳ, ನೀರು ಕುಡಿ. ಆಮ್ಯಾಲೆ ನಿನ್ನ ಮಾತು ಹೇಳುವಂತಿ. ಎಲ್ಲಾರೂ ಕೇಳತಾರ.”

ತಂಗೆವ್ವ ಎದ್ದು ನಿಂತಳು. ಕೋಟಿನ ಉದ್ದ ತೋಳುಗಳನ್ನು ಹಿಂದೆ ಸರಿಸಿ, ತಲೆ ತಗ್ಗಿಸಿ, ಎರಡೂ ಕೈ ಕೂಡಿಸಿ ಬೊಗಸೆ ಒಡ್ಡಿದಳು.